ಹೋಲ್ಡಾನ್ ಅಂದರೆ ನಿಲ್ಲದ ಕಡಲು

ಕಂಡಕ್ಟರ್ ಕೆಲಸದಲ್ಲಿರುವವರು ನಗುವಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಕೈ ಅಡ್ಡ ಹಾಕಿ ಬಸ್ಸು ಹತ್ತುತ್ತವೆ. ಮಧುಗಿರಿಯಿಂದ ಒಂದು ದಿನ ಪಾವಗಡದ ಕಡೆ, ಒಂದು ದಿನ ಶಿರಾ ಕಡೆ, ಇನ್ನೊಂದು ದಿನ ಕೊರಟಗೆರೆ ಕಡೆ ಓಡಾಡುವ ನನಗೆ ಇದು ಹಳೇ ಮಾತು. ಅದು ಸಾಲದು ಅಂತ ನಲವತ್ತು ದಾಟಿದ ಮೇಲೆ ಸರ್ಫಿಂಗ್ ಹುಚ್ಚು ಬೇರೆ ಹಿಡಿಯಿತು. ಸಮುದ್ರದ ಅಲೆ ಬಂದಾಗ ಉದ್ದನೆಯ ಹಲಗೆಯೊಂದರ ಮೇಲೆ ಎದ್ದು ನಿಂತು ದಡದವರೆಗೆ ಜಾರಿಕೊಂಡು ಬರುವ ಆಟ ಅದು. ಮಳೆಗೇ ದಾರಿ ಗೊತ್ತಿಲ್ಲದ ಊರಿನವಳಿಗೆ ಇದು ಬೇಕಿತ್ತಾ ಅಂತ ಕೇಳುವವರು ಕೇಳಲಿ.

ಡಿಪೋದವರೆಲ್ಲ ಸೇರಿ ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರು ಕಡೆಯ ಕಡಲತೀರವೊಂದಕ್ಕೆ ಇಳಿದಿದ್ದೆವು. ಸೀರೆಯನ್ನು ಮಂಡಿಯವರೆಗೆ ಎತ್ತಿ ಹಿಡಿದು ನಿಂತಿದ್ದೆ. ನನ್ನ ವಯಸ್ಸಿನ ಹೆಂಗಸೊಬ್ಬಳು ಹಲಗೆಯ ಮೇಲೆ ನಿಂತು ಅಲೆಯ ಜೊತೆ ಬರುತ್ತಿದ್ದಳು. ಕಂಬಿ ಹಿಡಿದಿಲ್ಲ, ಸೀಟಿಗೆ ಒರಗಿಲ್ಲ. ಇದೇನು ಮಹಾ, ಇಷ್ಟು ವರ್ಷದಿಂದ ನಾನು ಮಾಡುತ್ತಿರುವುದೂ ಇದೇ ತಾನೇ ಅನ್ನಿಸಿತು. ಅಲ್ಲೇ ಹಲಗೆ ಬಾಡಿಗೆಗೆ ಕೊಡುವವರ ಹತ್ತಿರ ಬಟ್ಟೆ, ಹಲಗೆ ಇಸಿದುಕೊಂಡು ನೀರಿಗಿಳಿದೆ. ಆ ದಿನ ನಿಲ್ಲುವುದಿರಲಿ, ನೆಟ್ಟಗೆ ಮಂಡಿಯೂರಲೂ ಆಗಲಿಲ್ಲ. ಮೂಗು, ಕಿವಿ, ಬಾಯಿ ಎಲ್ಲದರಲ್ಲೂ ಉಪ್ಪುನೀರು. ಆದರೂ ದಡಕ್ಕೆ ಬಂದವಳೇ ಮತ್ತೆ ಒಳಗೆ ಓಡಿದೆ. ಅವತ್ತಿನಿಂದ ಎರಡು ರಜೆ ಒಟ್ಟಿಗೆ ಸಿಕ್ಕರೆ ನಾನು ಮನೆಯಲ್ಲಿಲ್ಲ. ಒಂದೇ ಒಂದು ಸಲ ಎದ್ದು ನಿಂತು ದಡದವರೆಗೆ ಬರಬೇಕು, ಅಷ್ಟೇ ನನ್ನ ಆಸೆ.

ಇದನ್ನು ಒಪ್ಪದವರು ನಮ್ಮತ್ತೆ. ಕೊಡಿಗೇನಹಳ್ಳಿ ಕಡೆಯವರು, ಬಾಯಿ ಜೋರು, ಕರುಳು ಮೆತ್ತಗೆ. ನಾನು ದಿನವಿಡೀ ನಿಂತು ಕೆಲಸ ಮಾಡುತ್ತೇನೆ ಅನ್ನುವುದು ಅವರಿಗೆ ತೀರದ ಸಂಕಟ. ಕಂಡಕ್ಟರ್ ಸೀಟು ಅಂತ ಒಂದಿದೆ, ನಿಜ. ಆದರೆ ಕೂಸು ಎತ್ತಿಕೊಂಡವಳೋ, ಕೋಲೂರಿಕೊಂಡ ತಾತನೋ ಬಂದರೆ ಅದರಲ್ಲಿ ಕೂರುವುದು ಹೇಗೆ? ಸಂಜೆ ಮನೆ ಸೇರಿದೊಡನೆ ಕಾಲಿಗೆ ಬಿಸಿನೀರು ತಂದಿಟ್ಟು ಅವರು ಕೇಳುವ ಮೊದಲ ಮಾತು ಒಂದೇ: “ಇವತ್ತಾದ್ರೂ ಸೀಟ್ ಸಿಕ್ತೇನೆ?”

೧. ಹೋಲ್ಡಾನ್

ನನಗೆ ಕಲಿಸುವವರು ಆ ತೀರದವರೇ, ಮೀನುಗಾರರ ಮನೆತನದ ನಡುವಯಸ್ಸಿನ ಗೃಹಸ್ಥರು. ನಾನು ಅವರನ್ನು ಮೇಷ್ಟ್ರೇ ಅನ್ನುತ್ತೇನೆ, ಅವರು ನನ್ನನ್ನು ಕಂಡಕ್ಟರ್ ಮೇಡಂ ಅನ್ನುತ್ತಾರೆ.

ಮೊದಲ ಪಾಠದ ದಿನ, “ಹೆದರ್ಬೇಡಿ ಮಾರಾಯ್ರೆ, ನೀರು ಸೊಂಟದಷ್ಟೇ ಉಂಟು. ಹೊಟ್ಟೆ ಮೇಲೆ ಮಲಗಿ, ಎರಡೂ ಅಂಚು ಹಿಡ್ಕೊಳ್ಳಿ, ಅಲೆ ಬಂದಾಗ ನಾನು ದೂಡ್ತೇನೆ” ಅಂದರು. ಅಲೆ ಬಂತು. ಹಲಗೆಯನ್ನು ದೂಡಿದವರೇ “ಹೋಲ್ಡಾನ್, ಹೋಲ್ಡಾನ್” ಅಂತ ಕೂಗಿದರು.

ನಮ್ಮ ಬಸ್ಸಿನಲ್ಲಿ ‘ರೈಟ್’ ಅಂದರೆ ಹೊರಡು, ‘ಹೋಲ್ಡಾನ್’ ಅಂದರೆ ನಿಲ್ಲಿಸು. ಹೋಲ್ಡಾನ್ ಅಂದಮೇಲೆ ಬಸ್ಸು ನಿಲ್ಲಬೇಕು, ಬಾಗಿಲು ತೆಗೆಯಬೇಕು, ಎಲ್ಲರಿಗಿಂತ ಮೊದಲು ನಾನು ಇಳಿಯಬೇಕು. ಇದು ನನ್ನ ತಲೆಗಲ್ಲ, ಕಾಲಿಗೇ ಗೊತ್ತಿರುವ ವಿಷಯ. ಕೈ ಬಿಟ್ಟೆ, ಎಡಗಾಲು ಮುಂದಿಟ್ಟು ಇಳಿದೇ ಬಿಟ್ಟೆ. ಹಲಗೆ ಒಂದು ದಿಕ್ಕಿಗೆ, ನಾನು ನೀರಿನ ತಳಕ್ಕೆ.

ಎದ್ದು ಬಂದೆ. ಮತ್ತೆ ದೂಡಿದರು, ಮತ್ತೆ ಹೋಲ್ಡಾನ್ ಅಂದರು, ಮತ್ತೆ ಇಳಿದೆ. ಕೊನೆಗೆ ಮೇಷ್ಟ್ರು ತಲೆಗೆ ಕೈ ಹಚ್ಚಿಕೊಂಡು, “ಅಲ್ಲ ಮೇಡಂ, ನಾನು ಹಿಡ್ಕೊಳ್ಳಿ ಅಂದ್ರೆ ನೀವು ಇಳಿಯುದು ಎಂತಕ್ಕೆ?” ಅಂತ ಕೇಳಿದರು.

“ನೀವೇ ಹೋಲ್ಡಾನ್ ಅಂದ್ರಲ್ಲ ಮೇಷ್ಟ್ರೇ. ಸ್ಟಾಪ್ ಬಂತು ಅಂದ್ಕಂಡೆ.”

ವಿಷಯ ತಿಳಿದ ಮೇಲೆ ಅವರು ನಕ್ಕು ನಕ್ಕು ನೀರಿನಲ್ಲೇ ಕುಳಿತುಬಿಟ್ಟರು. ನನ್ನ ಮಟ್ಟಿಗೆ ಬಸ್ಸಿನ ಭಾಷೆಯನ್ನೇ ಬಳಸುವುದು ಅಂತ ತೀರ್ಮಾನವಾಯಿತು. ಏಳಬೇಕಾದಾಗ ರೈಟ್, ಇಳಿಯಬೇಕಾದಾಗ ಹೋಲ್ಡಾನ್. ಮರುದಿನ ಬೆಂಗಳೂರಿನಿಂದ ಬಂದಿದ್ದ ಒಂದು ಗುಂಪನ್ನು ಅಲೆಗೆ ಬಿಟ್ಟು, ಹಿಂದಿನ ದಿನದ ಗುಂಗಿನಲ್ಲೇ ಮೇಷ್ಟ್ರು “ರೈಟ್, ರೈಟ್” ಅಂತ ಕೂಗಿದರು. ಗುಂಪಿಗೆ ಗುಂಪೇ ಬಲಗಡೆ ತಿರುಗಿ ಒಬ್ಬರ ಮೇಲೊಬ್ಬರು ಬಿದ್ದರು. ಮೇಷ್ಟ್ರು ಅವರನ್ನೆಲ್ಲ ಎತ್ತಿ ನಿಲ್ಲಿಸಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, “ನಿಮಗೆ ಸರ್ಫಿಂಗ್ ಬರುವ ಮೊದ್ಲು ನನಗೆ ಕಂಡಕ್ಟರ್ ಕೆಲಸ ಬರ್ತದೆ ಮಾರಾಯ್ರೆ.”

೨. ಕಡಲೋ, ಕಡಲೆಯೋ

ರಜೆ ಯಾಕೆ ಅಂತ ಡಿಪೋದಲ್ಲಿ ಯಾರೋ ಕೇಳಿದ್ದಕ್ಕೆ “ಕಡ್ಲಿಗೆ ಹೋಗ್ತೀನಿ” ಅಂದಿದ್ದೆ. ಕಡಲಿಗೆ ಅಂತ ನನ್ನ ಅರ್ಥ. ಪಾವಗಡದ ದಾರಿಯಲ್ಲಿ ಎರಡೂ ಬದಿಗೆ ಕಡಲೆಕಾಯಿ ಹೊಲ ನೋಡಿಕೊಂಡು ಬೆಳೆದ ಜನಕ್ಕೆ ಅದು ಹೇಗೆ ಕೇಳಿಸಬೇಕೋ ಹಾಗೇ ಕೇಳಿಸಿತು. ಕಂಡಕ್ಟರಮ್ಮ ಮಂಗಳೂರಿನಲ್ಲಿ ಕಡ್ಲೆ ವ್ಯಾಪಾರ ಮಾಡುತ್ತಾಳಂತೆ ಅನ್ನುವ ಸುದ್ದಿ ನನಗಿಂತ ಮೊದಲು ಮಿಡಿಗೇಶಿ ತಲುಪಿತು.

ಒಂದು ದಿನ ಅಲ್ಲಿ ರೈತರೊಬ್ಬರು ಹತ್ತಿದರು. ಟಿಕೆಟ್ ಕೇಳಿದರೆ ಟವೆಲಿನ ಗಂಟು ಬಿಚ್ಚಿ ಒಂದು ಹಿಡಿ ಕಾಯಿಯನ್ನು ನನ್ನ ಅಂಗೈಗೆ ಸುರಿದರು. “ಸೂಡಮ್ಮ, ನೋಡಿಲ್ಲಿ, ಮೂರು ಬೀಜದ್ದು. ನಿಮ್ ಮಂಗ್ಳೂರಾಗೆ ಇಂಥದ್ದು ದೊರಕಾಕಿಲ್ಲ.”

ಹಿಂದಿನ ಸೀಟಿನವರು ಎದ್ದು ನೋಡಿದರು. ನಾನು ನಿಧಾನವಾಗಿ ಬಿಡಿಸಿ ಹೇಳಿದೆ. “ಯಜಮಾನ್ರೇ, ಕಡ್ಲೆ ಅಲ್ಲ, ಕಡಲು. ಸಮುದ್ರ. ಬರೀ ನೀರು. ನಾನು ಆ ನೀರಾಗೆ ಆಟ ಆಡಾಕೆ ಹೋಗ್ತೀನಿ.”

ಅವರು ನನ್ನತ್ತ ಬಗ್ಗಿ ಕೇಳಿದರು, “ಎಷ್ಟು ನೀರೈತಮ್ಮ ಅಲ್ಲಿ?”

“ಕಣ್ಣು ಹಾಯ್ಸಿದಷ್ಟೂ ನೀರೇ.”

“ಅಲ್ಲಿ ಏನ್ ಬೆಳೀತಾರೆ?”

“ಏನೂ ಬೆಳೆಯಾಕಿಲ್ಲ.”

ನನ್ನ ಕೈಯಿಂದ ಕಡಲೆಕಾಯಿಯನ್ನು ಒಂದೊಂದಾಗಿ ವಾಪಸು ಆರಿಸಿಕೊಂಡು ಗಂಟು ಕಟ್ಟಿದರು. ಆಮೇಲೆ ಪಕ್ಕದವರ ಕಡೆ ತಿರುಗಿ, “ಅಷ್ಟು ನೀರಿಟ್ಕಂಡು ಏನೂ ಬೆಳೆಯಾಕಿಲ್ವಂತೆ. ಸೋಂಬೇರಿ ನನ್ ಮಕ್ಳು” ಅಂದರು.

೩. ಎಮ್ಮೆ ಹೋದ ದಿಕ್ಕು

ಎರಡು ಸಲ ಹೋಗಿ ಬಂದರೂ ನಿಲ್ಲುವುದು ಬರಲಿಲ್ಲ. “ಮಂಡಿ ಬಗ್ಗಿಸಿ, ಅಡ್ಡ ನಿಲ್ಲಿ, ಕೈ ಅಗಲಿಸಿ, ದೂರ ನೋಡಿ. ಮನೆಯಲ್ಲಿ ಅಭ್ಯಾಸ ಮಾಡಿ” ಅಂದಿದ್ದರು ಮೇಷ್ಟ್ರು. ಮನೆಯಲ್ಲಿ ಮಾಡಿದರೆ ಅತ್ತೆ ಬೈಯುತ್ತಾರೆ. ಹಾಗಾಗಿ ಬಸ್ಸು ಖಾಲಿಯಾದಾಗ ಸೀಟುಗಳ ನಡುವಿನ ದಾರಿಯಲ್ಲೇ ಅಭ್ಯಾಸ ಶುರು ಮಾಡಿದೆ.

ಶಿರಾ ಲೈನಿನಲ್ಲಿ ನಮ್ಮ ಡ್ರೈವರ್ ಶಿರಾದವರೇ, ಎಲ್ಲರೂ ಸಾಹೇಬರು ಅನ್ನುತ್ತಾರೆ. ಕನ್ನಡಿಯಲ್ಲಿ ನನ್ನನ್ನು ನೋಡಿ, “ಅರೇ, ಏನು ಮೇಡಂ ಇದು?” ಅಂದರು. ಬೋರ್ಡ್ ಮೇಲೆ ನಿಲ್ಲೋದು ಕಲೀತಿದೀನಿ ಅಂದೆ. “ಬೋರ್ಡ್ ನೋಡಿ ಹತ್ತೋರನ್ನ ನೋಡಿದೀನಿ. ಬೋರ್ಡನ್ನೇ ಹತ್ತೋರನ್ನ ಇವತ್ತೇ ನೋಡಿದ್ದು” ಅಂದರು. ಪಾಪ, ಒಳ್ಳೆಯ ಮನುಷ್ಯ. ನನಗೋಸ್ಕರ ತಿರುವಿನಲ್ಲಿ ಬೇಕಂತಲೇ ಸ್ವಲ್ಪ ಜೋರಾಗಿ ತಿರುಗಿಸುತ್ತಿದ್ದರು.

ಬಡವನಹಳ್ಳಿ ದಾಟಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಮಲಗಿದ್ದದ್ದು ನನಗೆ ಗೊತ್ತಿರಲಿಲ್ಲ. ಮಂಡಿ ಬಗ್ಗಿಸಿ, ಕೈ ಅಗಲಿಸಿ, ಕಣ್ಣು ಅರೆ ಮುಚ್ಚಿ ತೂಗಾಡುತ್ತಿದ್ದೇನೆ, ಹಿಂದಿನಿಂದ ದನಿ ಬಂತು.

“ತಾಯಿ, ಯಾವೂರಮ್ಮ ನೀನು?”

ಕಣ್ಣು ಬಿಟ್ಟರೆ ಅಜ್ಜಿ ಕೈ ಮುಗಿದು ನಿಂತಿದ್ದಾಳೆ. ನನ್ನ ಮೈಮೇಲೆ ದೇವರು ಬಂದಿದೆ ಅಂತ ತಿಳಿದಿದ್ದಾಳೆ. ನಾನು ಬಾಯಿ ತೆಗೆಯುವಷ್ಟರಲ್ಲಿ, “ನಮ್ ಎಮ್ಮೆ ತಪ್ಪಿಸ್ಕಂಡೈತೆ ಕಣವ್ವ, ಯಾವ್ ದಿಕ್ಕಿಗೋಯ್ತು ಹೇಳ್ಬುಡು” ಅಂದಳು. ಅದೇ ಹೊತ್ತಿಗೆ ಸಾಹೇಬರು ತಿರುವು ತೆಗೆದುಕೊಂಡರು. ಬೀಳದಿರಲಿ ಅಂತ ನನ್ನ ಬಲಗೈ ಕಿಟಕಿಯ ಕಡೆ ಹಾರಿತು. ಕಿಟಕಿಯಾಚೆ ಬುಕ್ಕಾಪಟ್ಟಣದ ದಿಕ್ಕು. ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಯ್ಯೋ ಹಾಗಲ್ಲ ಅಜ್ಜಿ ಅಂತ ನಾನು ಎಷ್ಟು ಹೇಳಿದರೂ ಕೇಳದೆ ಮುಂದಿನ ಸ್ಟಾಪಿನಲ್ಲಿ ಇಳಿದುಹೋದಳು.

ಮುಂದಿನ ವಾರ ಆಕೆ ಮತ್ತೆ ಸಿಕ್ಕಾಗ ಬೈಸಿಕೊಳ್ಳಲು ತಯಾರಾಗಿ ನಿಂತೆ. ಅಜ್ಜಿಯ ಕೈಯಲ್ಲಿ ಒಂದು ತಂಬಿಗೆ ಗಿಣ್ಣದ ಹಾಲು. ಎಮ್ಮೆ ಆ ದಿಕ್ಕಿನಲ್ಲೇ ಸಿಕ್ಕಿತ್ತು, ಅದೂ ಕರು ಸಮೇತ. ಈಗ ಆ ಊರಿನವರು ಚಪ್ಪಲಿ ಕೈಯಲ್ಲಿ ಹಿಡಿದು ನನ್ನ ಬಸ್ಸು ಹತ್ತುತ್ತಾರೆ.

೪. ಏರಿ ಇಲ್ಲದ ಕೆರೆ

ಮೂರನೆಯ ಸಲ ಮನೆಗೆ ಬಂದಾಗ ಮಂಡಿ ಊದಿತ್ತು. ಬಿಸಿನೀರು ತಂದ ಅತ್ತೆ ಅದನ್ನು ನೋಡಿ ತಂಬಿಗೆಯನ್ನು ಕುಕ್ಕಿದರು. “ಮಾಡಾ ಕೆಲ್ಸದಾಗೂ ನಿಂತ್ಕಂಡೇ ಸಾಯ್ತೀಯ. ರಜಾ ಸಿಕ್ರೆ ನಿಂತ್ಕಳಾದು ಕಲಿಯಾಕೆ ಹೋಗ್ತೀಯ. ನಿಂಗೇನಾದ್ರೂ ಆದ್ರೆ ನಾನ್ಯಾರ್ ಜೊತೆ ಜಗಳ ಆಡ್ಲಿ?” ಅಂದರು. ಆಮೇಲೆ ತೀರ್ಪು ಕೊಟ್ಟರು: “ಮುಂದಿನ್ ಸಲ ನಾನೂ ಬತ್ತೀನಿ. ನಿಂತ್ರೆ ಸರಿ. ನಿಲ್ಲಿಲ್ವಾ, ಅಲ್ಲಿಗೆ ಮುಗೀತು, ಇನ್ ಹೋಗಂಗಿಲ್ಲ.” ನಮ್ಮ ಮನೆಯವರು ಎಂದಿನಂತೆ ಪೇಪರು ಓದಿದರು.

ಅತ್ತೆ ಅದುವರೆಗೆ ಸಮುದ್ರ ಕಂಡವರಲ್ಲ. ಬೆಳಗ್ಗೆ ತೀರಕ್ಕೆ ಕರೆದುಕೊಂಡು ಹೋದೆ. ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. “ಯಾವ್ ಕೆರೆ ಕಣೆ ಇದು? ಏರಿನೇ ಕಾಣಾಕಿಲ್ವಲ್ಲ.” ಅಲೆ ಬಂದು ಕಾಲಿಗೆ ಬಡಿದಾಗ, “ಕೋಡಿ ಬೇರೆ ಬಿದ್ದೈತೆ” ಅಂತ ಭಕ್ತಿಯಿಂದ ಸೆರಗು ಹೊದ್ದು ಅರಿಶಿನ ಕುಂಕುಮ ಬಿಟ್ಟರು. ನಮ್ಮ ಕಡೆ ಕೆರೆ ತುಂಬಿ ಕೋಡಿ ಬೀಳುವುದು ಅಂದರೆ ಊರಿಗೇ ಹಬ್ಬ. ಇಲ್ಲಿ ಅದು ನಿಮಿಷ ನಿಮಿಷಕ್ಕೂ ಬೀಳುತ್ತಿತ್ತು. ತಂದಿದ್ದ ಕುಂಕುಮ ಬೇಗನೆ ಖಾಲಿಯಾಯಿತು.

ಮೇಷ್ಟ್ರು ಅವರಿಗೊಂದು ಕುರ್ಚಿ ಹಾಕಿಸಿ ಕೊಡೆ ಕೊಟ್ಟರು. ನಾನು ನೀರಿಗಿಳಿದೆ. ಬಿದ್ದೆ. ಎದ್ದೆ. ಬಿದ್ದೆ. ಪ್ರತಿ ಸಲವೂ ಅತ್ತೆ ಕುರ್ಚಿಯಿಂದ ಅರ್ಧ ಏಳುವುದು ದೂರದಿಂದಲೇ ಕಾಣುತ್ತಿತ್ತು. ಬಿಸಿಲೇರಿತು, ತೋಳು ಸೋತವು. “ಇದೊಂದು ಆದ ಮೇಲೆ ಸಾಕು ಮೇಡಂ, ಗಾಳಿ ಹೆಚ್ಚಾಗ್ತಾ ಉಂಟು” ಅಂದರು ಮೇಷ್ಟ್ರು. ಅತ್ತೆಯ ಮಾತು ನೆನಪಾಯಿತು. ಇದು ತಪ್ಪಿದರೆ ಮುಗಿಯಿತು, ಇನ್ನು ಕಡಲೂ ಇಲ್ಲ, ಹಲಗೆಯೂ ಇಲ್ಲ.

ಅಲೆ ಬಂತು. ಮೇಷ್ಟ್ರು ದೂಡಿ, “ರೈಟ್” ಅಂದರು, ಅಪ್ಪಟ ಕಂಡಕ್ಟರ್ ದನಿಯಲ್ಲಿ.

ಆ ದನಿಗೆ ತಲೆ ಯೋಚಿಸಲಿಲ್ಲ, ಕಾಲು ಎದ್ದಿತು. ಮೇಷ್ಟ್ರು ಹೇಳಿಕೊಟ್ಟ ಭಂಗಿ ಒಂದೂ ನೆನಪಿಲ್ಲ. ತುಂಬಿದ ಬಸ್ಸಿನಲ್ಲಿ ನಿಲ್ಲುವ ಹಾಗೇ ನಿಂತೆ. ಎಡಗೈ ಟಿಕೆಟ್ ಮಿಷನ್ನು ಹಿಡಿದ ಹಾಗೆ ಹೊಟ್ಟೆಗೆ ಒತ್ತಿಕೊಂಡಿತ್ತು, ಬಲಗೈ ಚಿಲ್ಲರೆ ಕೊಡುವ ಹಾಗೆ ಮುಂದೆ ಚಾಚಿತ್ತು. ಕಾಲ ಕೆಳಗೆ ಕಡಲು ಓಡುತ್ತಿತ್ತು. ಜೀವನದಲ್ಲಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ದಡ ಹತ್ತಿರ ಬಂದಾಗ ಮಾತ್ರ ದಿಕ್ಕು ತೋಚದೆ “ಹೋಲ್ಡಾನ್, ಹೋಲ್ಡಾನ್” ಅಂತ ಕೂಗಿಕೊಂಡೆ. ಕಡಲು ನನ್ನ ಮಾತು ಕೇಳಲಿಲ್ಲ. ಮರಳಿನವರೆಗೂ ತಂದು ಅತ್ತೆಯ ಕುರ್ಚಿಯ ಮುಂದೆಯೇ ಇಳಿಸಿತು.

ಮೇಷ್ಟ್ರು ಚಪ್ಪಾಳೆ ತಟ್ಟುತ್ತಾ ಓಡಿಬಂದರು. ನಾನು ಅಳುತ್ತಲೂ ನಗುತ್ತಲೂ ಅತ್ತೆಯ ಮುಂದೆ ನಿಂತೆ. “ಅತ್ತೆ, ನಿಂತೆ. ನೋಡಿದ್ರಾ? ಅಲ್ಲಿಂದ ಇಲ್ಲೀಗಂಟ ನಿಂತ್ಕಂಡೇ ಬಂದೆ.”

ಅತ್ತೆಯ ಕಣ್ಣಲ್ಲೂ ನೀರು. ಕೊಡೆ ಪಕ್ಕಕ್ಕಿಟ್ಟು ಎದ್ದು ಬಂದರು. ಸೆರಗಿನಿಂದ ನನ್ನ ಮುಖ ಒರೆಸಿ, ಕಡಲನ್ನು ಒಮ್ಮೆ, ಹಲಗೆಯನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

“ನೋಡ್ದೆ ಕಣೆ. ಅಷ್ಟು ದೂರದಿಂದ ನಿಂತ್ಕಂಡೇ ಬಂದ್ಯಲ್ಲ, ಇಲ್ಲೂ ಸೀಟ್ ಸಿಗ್ಲಿಲ್ವಾ ನಿಂಗೆ? ಹೋಗ್ಲಿ ಬುಡು, ಮುಂದಿನ್ ಸಲ ಇನ್ನೂ ಬ್ಯಾಗ್ನೆ ಬರಾನ.”