ಕ್ರೌನು, ಪಿನಿಯನ್ನು ಮತ್ತು ನನ್ನ ಹೊಲಿಗೆ ದಾರ

ಬ್ಲೌಸು ಬಿಗಿಯಾಯ್ತು ಅಂತ ನಂಜನಗೂಡಿನಲ್ಲಿ ನನ್ನ ಅಂಗಡಿಗೆ ಯಾರೂ ವಾಪಸ್ ಬಂದಿಲ್ಲ ಕಣ್ರೀ. ಬಂದವರಿಗೆ "ನೀವೇ ದಪ್ಪ ಆಗಿದ್ದೀರಿ" ಅಂತ ಹೇಳಿ ಕಳಿಸಿದ್ದೀನಿ, ಅದು ಬೇರೆ ಮಾತು. ಅಳತೆ ಅನ್ನೋದು ನನ್ನ ಬೆರಳ ತುದಿಯಲ್ಲಿದೆ. ಹಾಗಿರುವಾಗ ರೇಸ್ ಕಾರಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರ ತಿರುಗಿಸೋ ಗೇರುಗಳ ಗೂಡು, ಜೋಡಿಸೋದು ಏನು ಮಹಾ ಅಂದುಕೊಂಡೆ. ನಾನು ಕೆಟ್ಟಿದ್ದು ಅಲ್ಲೇ!

ಕಾರು ನಮ್ಮನೆಯವರದು. ಮಹದೇವು ಅಂತ ಹೆಸರು. ಫ್ಯಾಕ್ಟರಿ ಕೆಲಸ ಮುಗಿಸಿ ಬಂದವರೇ ಶೆಡ್ಡು ಸೇರೋರು. ಒಂದು ಹಳೇ ಕಾರಿನ ಎಂಜಿನ್ನು, ಇನ್ನೊಂದು ಹಳೇ ಕಾರಿನ ಆಕ್ಸಲ್ಲು, ಮಿಕ್ಕಿದ್ದೆಲ್ಲ ಅವರದೇ ವೆಲ್ಡಿಂಗು. ಟಿ. ನರಸೀಪುರದ ಕಡೆ ಭತ್ತದ ಕುಯ್ಲು ಮುಗಿದ ಮೇಲೆ ಬಯಲಲ್ಲಿ ಇಂಥ ಕಾರುಗಳನ್ನ ಧೂಳೆಬ್ಬಿಸಿಕೊಂಡು ಓಡಿಸ್ತಾರೆ. ಇವರು ತಪ್ಪದೆ ಹೋಗೋರು, ತಪ್ಪದೆ ಸೆಕೆಂಡ್ ಬರೋರು. ಒಂದು ಸಲವಾದರೂ ಫಸ್ಟ್ ಬರಲಿ, ಬೇಡ, ಮೂರನೆಯವರಾದರೂ ಆಗಲಿ! ಊಹ್ಞೂಂ. ಸೆಕೆಂಡೇ!

"ಇವನ್ನ ಷೋಕೇಸಲ್ಲಿಟ್ಟರೆ ಬಂದವರು ಮೊದಲನೇದೆಲ್ಲಿ ಅಂತ ಕೇಳ್ತಾರೆ, ನನಗೆ ಉತ್ತರ ಕೊಡೋಕಾಗಲ್ಲ" ಅಂತ ಆ ಪ್ರೈಜಿನ ಕಪ್ಪುಗಳನ್ನೆಲ್ಲ ಶೆಡ್ಡಿನ ಅಟ್ಟಣಿಗೆಗೆ ಗಡೀಪಾರು ಮಾಡಿದ್ದೆ. ನಗೋರು. ನಕ್ಕು, "ಒಂದ್ಸಲ ಕೂತ್ಕೊಳೇ, ನರಸೀಪುರದ ಸಂಗಮದ ತನಕ ಹೋಗಿ ಬರೋಣ" ಅನ್ನೋರು. "ಆ ತಗಡಿನ ಡಬ್ಬೀಲಿ ಕೂತರೆ ನನ್ನ ಹಲ್ಲು ಉದುರುತ್ತೆ" ಅಂತ ನಾನು. ಮದುವೆಯಾದಾಗಿನಿಂದ ನಮ್ಮಿಬ್ಬರದು ಇದೇ ಮಾತು.

ಹೋದ ಚಳಿಗಾಲದಲ್ಲಿ ಕಾರಿನ ಹಿಂಭಾಗ ಕೂಗುತ್ತೆ ಅಂತ ಆಕ್ಸಲ್ಲು ಬಿಚ್ಚಿ, ಹೊಸ ಕ್ರೌನು ಪಿನಿಯನ್ನು ತಂದರು. ಪಿನಿಯನ್ನು ಅಂದರೆ ಎಂಜಿನ್ ಕಡೆಯಿಂದ ಬರೋ ಚಿಕ್ಕ ಹಲ್ಲಿನ ಗೇರು, ಕ್ರೌನು ಅಂದರೆ ಚಕ್ರ ತಿರುಗಿಸೋ ದೊಡ್ಡ ಬಳೆ. ಎರಡನ್ನೂ ಬೆಂಚಿನ ಮೇಲಿಟ್ಟು, "ಕಾಫಿ ಇಡು, ಬಂದೆ" ಅಂದರು. ಕಾಫಿ ಆರಿತು. ಬೈಕೊಂಡು ಹೋಗಿ ನೋಡಿದರೆ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದಾರೆ, ಕೈಯಲ್ಲಿ ಸ್ಪ್ಯಾನರಿದೆ, ಮನುಷ್ಯರಿಲ್ಲ. ಎದೆ ನಿಂತುಹೋಗಿದೆ ಅಂತ ಡಾಕ್ಟರು ಆಮೇಲೆ ಹೇಳಿದರು, ನನಗೆ ಬಾಗಿಲಲ್ಲೇ ಗೊತ್ತಾಗಿತ್ತು.

ಅವರ ರೇಸಿನ ಜೊತೆಗಾರ ಚೆಲುವರಾಜು, ನರಸೀಪುರದವನು, ಭತ್ತ ಬೆಳೆಯೋನು. ಹನ್ನೊಂದರ ದಿನವೇ, "ಅತ್ಗೆಮ್ಮ, ಕಾರ್ ನಾನ್ ಜೋಡ್ಸ್ಕೊಡ್ತೀನಿ" ಅಂದ.

"ಬೇಡಪ್ಪ. ಅವರು ಬಿಟ್ಟ ಕೆಲಸ ನಾನೇ ಮುಗಿಸ್ತೀನಿ" ಅಂದೆ. ವರ್ಷದ ತಿಥಿಯೊಳಗೆ ಆ ಕಾರಲ್ಲಿ ಒಂದೇ ಒಂದು ಸಲ ಸಂಗಮಕ್ಕೆ ಹೋಗಿಬರಬೇಕು, ಅವರು ಕರೆದ ಕಡೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಅಂಗಡಿಯ ವ್ಯಾನು ಓಡಿಸೋಕೆ ಬರುತ್ತೆ. ಇನ್ನು ಅವರು ಕೆಲಸ ಮಾಡೋವಾಗ ಕಾಫಿ ಕೊಡೋಕೆ ಹೋಗಿ, ನಿಂತು ಬೈದು, ಬೈತಾ ಬೈತಾ ಅರ್ಧ ವಿದ್ಯೆ ಕಲಿತಿದ್ದೆ. ಮಿಕ್ಕರ್ಧ ಫೋನಿನ ವಿಡಿಯೋದಲ್ಲಿತ್ತು.

ಸುರುವಾಯ್ತು ನೋಡಿ ನನ್ನ ಮಹಾಯಜ್ಞ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರುಬ್ಬುಗುಂಡು ಎತ್ತೋ ಹಾಗೆ ಕ್ರೌನು ಎತ್ತಿ ಕೂರಿಸಿದೆ. "ಹಲ್ಲಿಗೂ ಹಲ್ಲಿಗೂ ಮಧ್ಯೆ ನಿನ್ನ ಹೊಲಿಗೆ ದಾರದಷ್ಟು ಸಂದು ಇರಬೇಕು. ಜಾಸ್ತಿಯಾದರೆ ಬಡಿಯುತ್ತೆ, ಕಮ್ಮಿಯಾದರೆ ಕೂಗುತ್ತೆ, ನಿನ್ನ ಹಾಗೆ" ಅನ್ನೋರು. ಅದನ್ನ ಅಳೆಯೋ ಯಂತ್ರ ಅಲ್ಲೇ ಇತ್ತು. ನನಗೆ ಅದರ ಮುಳ್ಳು ಅರ್ಥವಾಗಲಿಲ್ಲ. ದಾರ ಅರ್ಥವಾಗುತ್ತಲ್ಲ! ಹಲ್ಲುಗಳ ನಡುವೆ ದಾರ ಇಟ್ಟು ನೋಡೋದು, ತಗಡಿನ ಬಿಲ್ಲೆ ಸೇರಿಸೋದು, ಬಿಚ್ಚೋದು, ಮತ್ತೆ ಹಾಕೋದು. ಗೌರಿ ಹಬ್ಬಕ್ಕೆ ಒಪ್ಪಿಕೊಂಡಿದ್ದ ಬ್ಲೌಸುಗಳು ದೀಪಾವಳಿಗೆ ಹೋದವು. ಗಿರಾಕಿಗಳು ನನ್ನ ಜನ್ಮ ಜಾಲಾಡಿದರು.

ಆಮೇಲೆ ಹಲ್ಲು ಹಲ್ಲನ್ನ ಎಲ್ಲಿ ಮುಟ್ಟುತ್ತೆ ಅಂತ ನೋಡಬೇಕು. ಅದಕ್ಕೊಂದು ಬಣ್ಣ ಹಚ್ಚಬೇಕು. ಅವರ ಬಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು. ಬಣ್ಣಕ್ಕೆ ಎಲ್ಲಿಗೆ ಹೋಗಲಿ? ದೇವರ ಗೂಡಲ್ಲಿ ನನ್ನ ಕುಂಕುಮದ ಭರಣಿ ಹಾಗೇ ಇತ್ತು. ಅವತ್ತಿನಿಂದ ಮುಚ್ಚಳ ತೆಗೆದಿರಲಿಲ್ಲ. ತೆಗೆದೆ. ಹರಳೆಣ್ಣೆ ಹಾಕಿ ಕಲಸಿದೆ.

ಅಷ್ಟರಲ್ಲಿ ಪಕ್ಕದ ಮನೆ ಪುಟ್ಟತಾಯಮ್ಮ ಶೆಡ್ಡಿಗೆ ಇಣುಕಿ, ನನ್ನ ಕೆಂಪು ಬೆರಳು ನೋಡಿ ಹೌಹಾರಿದಳು.

"ಅಯ್ಯೋ ಶಿವನೇ! ಇದೇನಕ್ಕಾ, ಕುಂಕುಮ ಮುಟ್ಟಿದ್ದೀಯಲ್ಲ!"

"ನನಗಲ್ಲ ಕಣೇ. ಗೇರಿಗೆ."

"ಗೇರಿಗಾ?"

"ಊಂ. ಅದಕ್ಕಿನ್ನೂ ಜೋಡಿ ಇದೆ."

ಹೇಳಿದ್ದೇನೋ ಗತ್ತಲ್ಲಿ. ಹೇಳಿದ ಮೇಲೆ ಮೊಣಕೈಯಲ್ಲಿ ಕಣ್ಣೊರೆಸಿಕೊಂಡೆ. ಪುಟ್ಟತಾಯಮ್ಮ ಪಕ್ಕ ಕೂತು ಎಣ್ಣೆ ಬಟ್ಟಲು ಹಿಡಿದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಗೇರು ತಿರುಗಿಸಿ ನೋಡಿದರೆ ಕುಂಕುಮ ಪ್ರತಿ ಹಲ್ಲಿನ ಮಧ್ಯದಲ್ಲಿ ಹಣೆಬೊಟ್ಟಿನ ಹಾಗೆ ಅಳಿಸಿಹೋಗಿತ್ತು. ವಿಡಿಯೋದಲ್ಲಿ ತೋರಿಸಿದ್ದೂ ಹಾಗೇ!

ಉಳಿದದ್ದು ಒಂದೇ ಅನುಮಾನ. ಈ ಆಕ್ಸಲ್ಲಿನಲ್ಲಿ ಕ್ರೌನು ಎಡಕ್ಕೂ ಕೂರುತ್ತೆ, ಬಲಕ್ಕೂ ಕೂರುತ್ತೆ. "ಎಡಕ್ಕೆ" ಅಂತ ಅವರು ಹೇಳಿದ್ದು ನೆನಪಿತ್ತು. ಆದರೆ ನಾನು ದರ್ಜಿ ನೋಡಿ! ಬ್ಲೌಸು ಹೊಲಿಯೋದೇ ಬಟ್ಟೆಯನ್ನ ಉಲ್ಟಾ ಹಾಕಿಕೊಂಡು. ಒಳಮೈಯಲ್ಲಿ ಎಡ ಅಂದರೆ ಹೊರಗೆ ಬಲ. ನಾನು ಕಾರಿನ ಹಿಂದೆ ಕೂತು ಆಕ್ಸಲ್ಲಿನ ಒಳಮೈ ನೋಡ್ತಿದ್ದೀನಿ. ಆದಕಾರಣ, ಎಡವೇ ಬಲ! ತಪ್ಪು ತಿದ್ದಿದ ಖುಷಿಯಲ್ಲಿ ಬಲಕ್ಕೆ ಕೂರಿಸಿ, ಮತ್ತೆ ದಾರ ಇಟ್ಟು ನೋಡಿ ನಟ್ಟು ಬಿಗಿದೆ.

ಉದ್ಘಾಟನೆಗೆ ಚೆಲುವರಾಜುವನ್ನ ಕರೆಸಿದೆ. ಕಾರು ಶೆಡ್ಡಿನಲ್ಲಿ ಬೀದಿಗೆ ಮುಖ ಮಾಡಿ ನಿಂತಿತ್ತು. ಅವನು ಹಾರ ಹಾಕಿದ. ಪುಟ್ಟತಾಯಮ್ಮ ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟಳು.

"ಅತ್ಗೆಮ್ಮ, ಒಂದ್ಸಲ ಬಿಚ್ಚಿ ನೋಡ್ಲಾ?"

"ಹೊಲಿದು ಮುಗಿದ ಬ್ಲೌಸನ್ನ ಯಾರಾದರೂ ಬಿಚ್ತಾರೇನಪ್ಪ? ಸರಿ ಆ ಕಡೆ!"

ಸ್ಟಾರ್ಟ್ ಮಾಡಿದೆ. ಶೆಡ್ಡೆಲ್ಲ ಅವರ ಸದ್ದು ತುಂಬಿತು. ಕಣ್ಣು ಮುಚ್ಚಿ, "ಬನ್ನಿ, ಹೋಗೋಣ" ಅಂತ ಅವರಿಗೆ ಹೇಳಿ ಮೊದಲನೇ ಗೇರು ಹಾಕಿದೆ.

ಕಾರು ಹಿಂದಕ್ಕೆ ನೆಗೆಯಿತು!

ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರು ತುಳಿದೆ. ಅಟ್ಟಣಿಗೆಯ ಕಂಬಕ್ಕೆ ಗುದ್ದಿ ಎಂಜಿನ್ ಆಫಾಯ್ತು. ಅಷ್ಟೂ ಸೆಕೆಂಡ್ ಪ್ರೈಜುಗಳು ಕಾರಿನ ಮೇಲೆ ದಬದಬ ಸುರಿದವು. ಮುಂದೆ ನಿಂಬೆಹಣ್ಣುಗಳು ಇಟ್ಟ ಜಾಗದಲ್ಲೇ ಗುಂಡಗೆ ಕೂತಿದ್ದವು. ಒಂದೂ ಜಜ್ಜಿರಲಿಲ್ಲ.

ಚೆಲುವರಾಜು ಕಾರಿನ ಕೆಳಗೆ ನುಗ್ಗಿ ನೋಡಿ ಈಚೆ ಬಂದ. ನಗು ತಡೆಯೋಕೆ ಟವೆಲ್ಲು ಬಾಯಿಗಿಟ್ಟುಕೊಂಡಿದ್ದ.

"ಕ್ರೌನ್ ಉಲ್ಟಾ ಕೂರ್ಸಿದ್ದೀರ ಅತ್ಗೆಮ್ಮ. ಈಗ ನಾಕ್ ಗೇರೂ ಇಂದಕ್ ಓಯ್ತವೆ. ರಿವರ್ಸ್ ಆಕುದ್ರೆ ಮಾತ್ರ ಮುಂದಕ್ಕೆ!"

"ಸಂಗಮಕ್ಕೆ?"

"ಈ ರಿವರ್ಸ್ ಗೇರ್ನಲ್ಲಾ? ನಾಳೆ ಒತ್ತಾರೆ ಮುಟ್ಬೋದು."

"ಬೀದಿ ಕೊನೆವರೆಗಾದರೂ ನೀನೇ ಓಡಿಸು" ಅಂತ ಕೆಳಗಿಳಿದು, ಸುತ್ತಿ ಬಂದು ಪಕ್ಕದ ಸೀಟಿನ ಬಾಗಿಲು ತೆಗೆದೆ. ಸೀಟಿನ ಮೇಲೆ ಕಪ್ಪೊಂದು ಬಿದ್ದಿತ್ತು. ಚೆಲುವರಾಜು ಅದನ್ನೆತ್ತಿ, ಧೂಳು ಒರೆಸಿ ನನ್ನ ಕೈಗೆ ಕೊಟ್ಟ.

"ಈ ಸೀಟಿಂದಲೇ ಅಣ್ಣ ಸೆಕೆಂಡ್ ಬತ್ತಿದ್ದದ್ದು" ಅಂದ.

"ಅಂದರೆ?"

"ರೇಸ್ ಕಾರಲ್ಲಿ ಪಕ್ಕದ ಸೀಟ್ ಯಾರೂ ಇಟ್ಕಳಲ್ಲ ಅತ್ಗೆಮ್ಮ. ತೂಕ ಅಂತ ಕಿತ್ತಾಕ್ತೀವಿ. ಎಷ್ಟ್ ಏಳುದ್ರೂ ಅಣ್ಣ ಮಾತ್ರ ಕೀಳ್ನಿಲ್ಲ. 'ಇವತ್ತು ಅವಳು ಬತ್ತೀನಿ ಅಂದ್ಬುಟ್ರೆ ಎಲ್ಲಿ ಕೂರ್ಸ್ಲಿ ಕಣ್ಲಾ' ಅನ್ನೋರು."

ಕೂತೆ. ಕಪ್ಪು ತಬ್ಬಿಕೊಂಡು ಗೊಳೋ ಅಂತ ಅತ್ತೆ. ಸೀಟು ನನ್ನ ಅಳತೆಗೆ ಸರಿಯಾಗಿತ್ತು, ಬಿಗಿಯೂ ಇಲ್ಲ, ಸಡಿಲವೂ ಇಲ್ಲ.

ಚೆಲುವರಾಜು ರಿವರ್ಸ್ ಗೇರು ಹಾಕಿದ. ನಿಂಬೆಹಣ್ಣು ಪಚಕ್ ಅಂದವು. ಕಾರು ಊಳಿಡುತ್ತಾ, ಎಮ್ಮೆಯ ನಡಿಗೆಯಲ್ಲಿ ಬೀದಿಗಿಳಿಯಿತು. ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು ಕೈ ಬೀಸಿದಳು. ನಾನೂ ದೊಡ್ಡ ರೇಸಿಗೆ ಹೊರಟವಳ ಹಾಗೆ ಕೈ ಬೀಸಿದೆ.

ಬೀದಿ ಕೊನೆ ಹತ್ತಿರ ಬಂತು. ಅಷ್ಟರಲ್ಲಿ ಹಿಂದಿನಿಂದ ಸೊಪ್ಪು ಮಾರೋ ಮುದುಕ ಬಂದ. ಸೈಕಲ್ಲು ಹತ್ತಿರಲೂ ಇಲ್ಲ, ತಳ್ಳಿಕೊಂಡು ಬರ್ತಿದ್ದ. "ಸೊಪ್ಪೂ, ದಂಟಿನ್ ಸೊಪ್ಪೂ" ಅಂತ ಕೂಗುತ್ತಾ ನಮ್ಮನ್ನ ದಾಟಿ, ತಿರುಗಿಯೂ ನೋಡದೆ ನಮಗಿಂತ ಮುಂಚೆ ಮೂಲೆ ಮುಟ್ಟಿದ.

ನಾವು ಸೆಕೆಂಡ್ ಬಂದೆವು.