ಆಗುವುದಿಲ್ಲ ಎನ್ನುವ ನಮ್ಮ ಸರ್

ನಮ್ಮ ಸರ್ ಅವರನ್ನು ನಿರಾಶಾವಾದಿ ಎಂದು ಕರೆದರೆ ನಿಜವಾದ ನಿರಾಶಾವಾದಿಗಳೆಲ್ಲ ಸೇರಿ ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿಯಾರು! ನಿರಾಶೆಯಾಗಬೇಕಾದರೆ ಮೊದಲು ಚೂರಾದರೂ ಆಸೆ ಇಟ್ಟುಕೊಂಡಿರಬೇಕಲ್ಲವೇ? ನಮ್ಮ ಸರ್ ಜನ್ಮದಲ್ಲಿ ಅಂಥ ತಪ್ಪು ಮಾಡಿದವರಲ್ಲ.

ನಾನು ಹೊಸನಗರದವಳು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಕೊನೆಯ ವರ್ಷ ಪೂರ್ತಿ ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು, ಇಲ್ಲದಿದ್ದರೆ ಡಿಗ್ರಿ ಇಲ್ಲ ಎಂಬುದು ನಮ್ಮ ಕಾಲೇಜಿನ ನಿಯಮ. ಗೆಳತಿಯರು ಗಾಜಿನ ಕಟ್ಟಡಗಳ ಮುಂದೆ ನಿಂತು ಫೋಟೋ ಹಾಕುತ್ತಿದ್ದಾಗ ನನಗೆ ಸಿಕ್ಕಿದ್ದು ಸಾಗರದ ಗೊಬ್ಬರದ ಅಂಗಡಿಯೊಂದರ ಮೇಲಿನ ಕಂಪನಿ. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ, ಬಾಗಿಲು ತೆಗೆದರೆ ಕೃತಕ ಬುದ್ಧಿಮತ್ತೆ! ಮಾಲೀಕರು ಬೆಂಗಳೂರಿನಲ್ಲಿದ್ದರು. ಸಾಗರದಲ್ಲಿದ್ದವರು ಮೂವರು ಹುಡುಗರು ಮತ್ತು ಅವರ ಮೇಲ್ವಿಚಾರಕರಾದ ನಮ್ಮ ಸರ್.

ಐವತ್ತರ ಹತ್ತಿರದ ವಯಸ್ಸು, ತೀರ್ಥಹಳ್ಳಿ ಕಡೆಯವರು. ಸಾವಿನ ಮನೆಗೆ ಹೊರಟವರ ಹಾಗೆ ಯಾವಾಗಲೂ ಮೆತ್ತಗೆ ಹೆಜ್ಜೆ ಇಡುತ್ತಿದ್ದರು. ಮೊದಲ ದಿನ ನನ್ನನ್ನು ನೋಡಿ,

"ಬಂದ್ರಾ?" ಎಂದರು.

"ಹೌದು ಸರ್."

"ಯಾಕೆ ಬಂದ್ರಿ?"

"ಇಂಟರ್ನ್‌ಶಿಪ್‌ಗೆ ಸರ್."

"ಅದು ಗೊತ್ತು. ಬೇರೆ ಎಲ್ಲೂ ಸಿಗ್ಲಿಲ್ವಾ ಅಂತ ಕೇಳಿದ್ದು."

ಹೀಗೆ ನನ್ನ ಸ್ವಾಗತ ಸಮಾರಂಭ ಮುಗಿಯಿತು.

ಕಂಪನಿ ತಯಾರಿಸುತ್ತಿದ್ದದ್ದು ಮಾತನಾಡುವ ಯಂತ್ರವನ್ನು. ಆಸ್ಪತ್ರೆಗೆ ಯಾರಾದರೂ ಫೋನ್ ಮಾಡಿದರೆ ಅದು ಕನ್ನಡದಲ್ಲಿ ಏನು ತೊಂದರೆ ಎಂದು ವಿಚಾರಿಸಿ ಡಾಕ್ಟರ ಸಮಯ ಕೊಡಬೇಕು. ಜನರ ಧ್ವನಿಗಳನ್ನು ಕೇಳಿ, ಅವರು ಹೇಳಿದ್ದನ್ನು ಅಕ್ಷರಶಃ ಟೈಪ್ ಮಾಡಿ ಯಂತ್ರಕ್ಕೆ ಕಲಿಸುವುದು ನನ್ನ ಕೆಲಸ. ಸರ್ ಆ ಯಂತ್ರವನ್ನು ಬಹುವಚನದಲ್ಲೇ ಕರೆಯುತ್ತಿದ್ದರು. "ಅವರಿಗೆ ಇವತ್ತು ಮನಸ್ಸಿಲ್ಲ ಕಣೆ, ಬಿಟ್ಬಿಡು ಅತ್ಲಾಗೆ" ಎಂದು ಅದರ ಪರವಾಗಿ ಕ್ಷಮೆ ಕೇಳುತ್ತಿದ್ದರು. ನಾನು ಬರೆದ ಪ್ರೋಗ್ರಾಂ ಕೆಟ್ಟರೆ ಅವರ ಮುಖ ಶಾಂತವಾಗಿರುತ್ತಿತ್ತು. ಅಪ್ಪಿತಪ್ಪಿ ಮೊದಲ ಸಲಕ್ಕೇ ಸರಿಯಾಗಿ ಓಡಿತೋ, ಮುಖ ಬಿಳಿಚಿಕೊಳ್ಳುತ್ತಿತ್ತು!

"ಎಲ್ಲರೂ ಕೈ ತೆಗೀರಿ. ಯಾರೂ ಮುಟ್ಟಬೇಡಿ. ಇದು ಯಾಕೆ ಸರಿಯಾಯ್ತು?"

ಕೆಟ್ಟದ್ದು ಯಾಕೆ ಕೆಟ್ಟಿತೆಂದು ಹುಡುಕುವವರನ್ನು ನೀವು ಕಂಡಿರಬಹುದು. ಸರಿಯಾದದ್ದು ಯಾಕೆ ಸರಿಯಾಯಿತೆಂದು ಎರಡು ದಿನ ಹುಡುಕಿ, ಕಾರಣ ಸಿಗದೆ, ಅದನ್ನು ಮತ್ತೆ ಕೆಡಿಸಿಟ್ಟು ನೆಮ್ಮದಿಯಾಗಿ ಮನೆಗೆ ಹೋದವರನ್ನು ಕಂಡಿದ್ದೀರಾ?

ಮನೆ ಎಂದರೆ ಒಂದು ಬಾಡಿಗೆ ಕೋಣೆ. ಮದುವೆಯಾಗಿರಲಿಲ್ಲ. ಹುಡುಗರಲ್ಲೊಬ್ಬ ಒಮ್ಮೆ ಧೈರ್ಯ ಮಾಡಿ ಯಾಕೆಂದು ಕೇಳಿಯೇಬಿಟ್ಟ.

"ಹೋಗಿದ್ದೆ ಮಾರಾಯ, ಹೆಣ್ಣು ನೋಡೋಕೆ. ಹುಡುಗ ಹೇಗೆ ಅಂತ ಅವರಪ್ಪ ನನ್ನನ್ನೇ ಕೇಳಿದ್ರು. ಇದ್ದದ್ದು ಇದ್ದಹಾಗೆ ಹೇಳ್ದೆ."

ಮಳೆಗಾಲದಲ್ಲಿ ಊರೂರಿಗೆ ಹೋಗಿ ಜನರ ಮಾತು ರೆಕಾರ್ಡ್ ಮಾಡುವ ಕೆಲಸ ಬಂತು. ಅಪರಿಚಿತರ ಮುಂದೆ ಮೊಬೈಲು ಹಿಡಿದು ಮಾತಾಡಿ ಎಂದರೆ ಯಾರು ಮಾತಾಡುತ್ತಾರೆ? ನಾನು ದೇಶ, ಭಾಷೆ, ಭವಿಷ್ಯ ಎಂದು ಭಾಷಣ ಬಿಗಿದರೆ ಜನ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಸರ್ ಮಾತ್ರ ಇಕ್ಕೇರಿಯ ಒಂದು ಜಗಲಿಯಲ್ಲಿ ಕುಳಿತು, "ನೋಡಿ ಅಮ್ಮ, ಇದರಿಂದ ನಿಮಗೆ ಎಂತ ಪ್ರಯೋಜನವೂ ಇಲ್ಲ. ನಮಗೂ ಇಲ್ಲ. ಸುಮ್ನೆ ಹತ್ತು ನಿಮಿಷ ಮಾತಾಡ್ತೀರಾ?" ಎಂದರು. ಆ ಅಮ್ಮ ಸಂಜೆಯವರೆಗೂ ಮಾತಾಡಿದರು! ಸೊಸೆಯ ವಿಷಯ ಬಂದಾಗ ಮಾತ್ರ ರೆಕಾರ್ಡಿಂಗ್ ನಿಲ್ಲಿಸಲು ಹೇಳಿದರು.

ಮೇಗರವಳ್ಳಿಯಲ್ಲಿ ತಗಡಿನ ಮಾಡಿನ ಹೋಟೆಲೊಂದರಲ್ಲಿ ಮಧ್ಯಾಹ್ನವೆಲ್ಲ ಧ್ವನಿ ಹಿಡಿದೆವು. ವಾಪಸು ಬಂದು ಯಂತ್ರಕ್ಕೆ ಕೇಳಿಸಿದರೆ ಜನರ ಮಾತು ಒಂದೂ ಇಲ್ಲ. ತಗಡಿನ ಮೇಲೆ ಬಿದ್ದ ಮಳೆಯನ್ನೇ ಅದು ಮಾತೆಂದು ತಿಳಿದು 'ಸರಿ ಸರಿ ಸರಿ ಸರಿ' ಎಂದು ಪುಟಗಟ್ಟಲೆ ಬರೆದಿಟ್ಟಿತ್ತು. ನಾನು ಅಳುವುದೊಂದು ಬಾಕಿ. ಸರ್ ಕನ್ನಡಕ ಸರಿಪಡಿಸಿಕೊಂಡು ಓದಿ, "ಪರವಾಗಿಲ್ವೇ, ಇಷ್ಟು ವರ್ಷದಲ್ಲಿ ನಮ್ಮ ಮಾತಿಗೆ ಯಾರೋ ಒಬ್ಬರು ಸರಿ ಅಂದ್ರು" ಎಂದರು.

ಆಮೇಲೆ ಬಂದದ್ದು ಯಂತ್ರದ ಪ್ರದರ್ಶನದ ದಿನ. ಖಾಸಗಿ ಆಸ್ಪತ್ರೆಯೊಂದು ನಮ್ಮ ಯಂತ್ರವನ್ನು ಕೊಳ್ಳುವುದಾಗಿ ಒಪ್ಪಿತ್ತು. ಆಸ್ಪತ್ರೆಯ ಮೀಟಿಂಗ್ ಹಾಲಿಗೆ ಮಾಲೀಕರು ಕೋಟು ಹಾಕಿಕೊಂಡು ಬಂದಿದ್ದರು. ದೊಡ್ಡ ಡಾಕ್ಟರು, ಆಡಳಿತದವರು, ಎಲ್ಲರೂ ಸುತ್ತ ಕುಳಿತಿದ್ದರು. "ಆಗಲ್ಲ, ಇನ್ನೂ ಆರು ತಿಂಗಳು ಬೇಕು" ಎಂದು ಸರ್ ಹೇಳಿದ್ದನ್ನು ಮಾಲೀಕರು ಕಿವಿಗೆ ಹಾಕಿಕೊಂಡಿರಲಿಲ್ಲ. ಸರ್ ಯಾವುದಕ್ಕೆ ತಾನೇ ಆಗುತ್ತದೆ ಎಂದಿದ್ದರು?

ಮೊದಲ ಕರೆ ಬಂತು. ತೋಟದ ಕಡೆಯ ಒಬ್ಬ ಅಜ್ಜಿ. ಆ ಕಡೆಯ ಕೆಲವು ಮನೆಗಳ ಮಾತಿನಲ್ಲಿ 'ಇಲ್ಲ' ಎನ್ನುವುದಕ್ಕೆ 'ಇಲ್ಲೆ' ಎನ್ನುತ್ತಾರೆ. ನಮ್ಮ ಯಂತ್ರಕ್ಕೆ ಗೊತ್ತಿದ್ದದ್ದು 'ಇದೇ ಜಾಗದಲ್ಲಿ' ಎಂಬ ಅರ್ಥದ 'ಇಲ್ಲೇ' ಒಂದೇ.

"ನಿಮಗೆ ಜ್ವರ ಇದೆಯೇ?" ಎಂದಿತು ಯಂತ್ರ.

"ಇಲ್ಲೆ."

"ದಾಖಲಿಸಿಕೊಂಡಿದ್ದೇನೆ. ಎದೆನೋವು ಇದೆಯೇ?"

"ಇಲ್ಲೆ ತಂಗಿ."

"ದಾಖಲಿಸಿಕೊಂಡಿದ್ದೇನೆ. ಉಸಿರಾಟದ ತೊಂದರೆ?"

"ಅಯ್ಯೋ, ಎಂಗೆ ಎಂತದೂ ಇಲ್ಲೆ! ಕಣ್ಣಿನ ಡಾಕ್ಟ್ರು ಶುಕ್ರವಾರ ಬತ್ವಾ ಕೇಳಲೆ ಫೋನ್ ಮಾಡಿದ್ದು!"

"ಗಾಬರಿಯಾಗಬೇಡಿ. ನಿಮ್ಮ ಸ್ಥಿತಿ ಗಂಭೀರವಾಗಿದೆ. ಆಂಬುಲೆನ್ಸ್ ಕಳುಹಿಸಲಾಗುತ್ತಿದೆ."

ಕಳುಹಿಸಿಯೂ ಬಿಟ್ಟಿತು! ಅಷ್ಟು ಚುರುಕಾಗಿ ಆ ಯಂತ್ರ ಬೇರೆ ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಾಣೆ. ಆಸ್ಪತ್ರೆಯ ಅಂಗಳದಿಂದ ಸೈರನ್ ಕೂಗುತ್ತಾ ಗಾಡಿ ಹೊರಟದ್ದು ಕಿಟಕಿಯಿಂದ ಎಲ್ಲರಿಗೂ ಕಂಡಿತು. ದೊಡ್ಡ ಡಾಕ್ಟರು ಮಾಲೀಕರ ಮುಖ ನೋಡಿದರು. ಮಾಲೀಕರು ಸರ್ ಮುಖ ನೋಡಿದರು. ಸರ್ ಎಂದೂ ಇಲ್ಲದಷ್ಟು ವಿನಯದಿಂದ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅಲ್ಲಿಗೆ ಎಲ್ಲ ಇಳಿಮುಖ. ಹುಡುಗರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಕೇಳಿದರೆ, "ಅವರೆಲ್ಲ ಮನೆಯಿಂದಲೇ ಕೆಲಸ ಮಾಡ್ತಾರೆ. ನೀನು ಬಾ" ಎನ್ನುತ್ತಿದ್ದರು ಸರ್. ಕಂಪ್ಯೂಟರುಗಳು ರಿಪೇರಿಗೆಂದು ಹೋದವು, ತಿರುಗಿ ಬರಲಿಲ್ಲ. ಕೊನೆಗೆ ಆ ದೊಡ್ಡ ಹಾಲಿನಲ್ಲಿ ಇದ್ದದ್ದು ಒಂದು ಹಳೆಯ ಕಂಪ್ಯೂಟರ್, ಎರಡು ಕುರ್ಚಿ ಮತ್ತು ನಾವಿಬ್ಬರು.

ನನಗೆ ದಿನ ಹೋಗುವುದೇ ಕಷ್ಟವಾಯಿತು. ಹೊಸನಗರದ ಬಸ್ಸಿನಲ್ಲಿ ಬೆಳಿಗ್ಗೆ ನಿಂತುಕೊಂಡು ಬರುವುದು, ದಿನವಿಡೀ ಅಜ್ಜಿಯರ 'ಇಲ್ಲೆ' ಕೇಳುವುದು, ಸಂಜೆ ನಿಂತುಕೊಂಡು ಹೋಗುವುದು. ಗೆಳತಿಯರಿಗೆ ಕೆಲಸದ ಭರವಸೆ ಸಿಗತೊಡಗಿತ್ತು. ಮನೆಯಲ್ಲಿ ಅಮ್ಮ, "ಆ ಕಂಪನೀಲಿ ನಿಂಗೆ ಎಂತ ಕಲಿಸ್ತಾರೆ?" ಎಂದು ಕೇಳಿದರೆ ನಾನು ಊಟ ಬಿಟ್ಟು ಎದ್ದುಹೋಗುತ್ತಿದ್ದೆ. ಸರ್ ಮಾತ್ರ ಇನ್ನಿಲ್ಲದ ಶಿಸ್ತು ಹಿಡಿದರು. ನಾನು ಹತ್ತು ನಿಮಿಷ ತಡವಾಗಿ ಹೋದರೆ ಮೆಟ್ಟಿಲ ಮೇಲೆ ನಿಂತು ಕಾಯುತ್ತಿರುತ್ತಿದ್ದರು. ಯಂತ್ರ ಯಾವ ಮಾತು ಕೇಳಿ ಏನು ಊಹಿಸುತ್ತದೆ, ಎಲ್ಲಿ ಮೋಸ ಹೋಗುತ್ತದೆ ಎಂದು ಪಕ್ಕದಲ್ಲಿ ಕುಳಿತು ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು.

"ಇದೆಲ್ಲ ಯಾರಿಗೆ ಬೇಕು ಸರ್?" ಎಂದು ಒಂದು ದಿನ ರೇಗಿಬಿಟ್ಟೆ.

"ಯಾರಿಗೂ ಬೇಡ ಮಾರಾಯ್ತಿ. ಮುಂದಿನದ್ದು ಹಾಕು."

ಕಡೆಗೊಂದು ಮಧ್ಯಾಹ್ನ ಯಂತ್ರ 'ಇಲ್ಲೆ'ಯನ್ನೂ 'ಇಲ್ಲೇ'ಯನ್ನೂ ಬೇರೆ ಬೇರೆಯಾಗಿ ಗುರುತಿಸಿತು. ಮತ್ತೆ ಮತ್ತೆ ಕೇಳಿಸಿದೆವು, ತಪ್ಪಲಿಲ್ಲ. ಯಾಕೆ ಸರಿಯಾಯಿತೆಂದು ಸರ್ ಈ ಸಲ ಕೇಳಲಿಲ್ಲ. ಇಬ್ಬರೂ ಖಾಲಿ ಹಾಲನ್ನು ಒಮ್ಮೆ ನೋಡಿದೆವು. ಕರೆದು ತೋರಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. ಕೆಳಗೆ ಲಾರಿಯಿಂದ ಗೊಬ್ಬರದ ಮೂಟೆ ಇಳಿಸುತ್ತಿದ್ದರು.

ವರ್ಷ ಮುಗಿದು ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ. ಕಂಪನಿಯ ಮಾರ್ಗದರ್ಶಕರೂ ಬರಬೇಕೆಂದಿದ್ದರು. ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಬಂದಿದ್ದರು. ನಾನು ಮಾತು ಶುರು ಮಾಡುವ ಮೊದಲೇ ನಮ್ಮ ವಿಭಾಗದ ಮುಖ್ಯಸ್ಥರು ಕೈ ಅಡ್ಡ ಹಿಡಿದರು.

"ನಿನ್ನೆ ನಿಮ್ಮ ಕಂಪನಿ ಮಾಲೀಕರಿಗೆ ಫೋನ್ ಮಾಡಿದ್ದೆ. ಆಸ್ಪತ್ರೆ ಕೆಲಸ ಕೈತಪ್ಪಿದ ವಾರವೇ ಸಾಗರದ ಆಫೀಸು ಮುಚ್ಚಿದೆವು, ಎಲ್ಲರನ್ನೂ ತೆಗೆದೆವು ಅಂದರು. ಮುಚ್ಚಿದ ಆಫೀಸಿನಲ್ಲಿ ಎರಡು ತಿಂಗಳು ಏನು ಕೆಲಸ ಮಾಡಿದೆಯಮ್ಮ?"

ಮುಚ್ಚಿತ್ತೇ? ನಾನು ದಿನಾ ಹೋಗಿದ್ದೆನಲ್ಲ! ತಿರುಗಿ ಸರ್ ಅವರನ್ನು ನೋಡಿದೆ. ಅವರು ಎದ್ದು ನಿಂತಿದ್ದರು.

"ಅವಳಿಗೆ ಗೊತ್ತಿಲ್ಲ ಸರ್. ನಾನು ಹೇಳ್ಲಿಲ್ಲ. ಹೇಳಿದ್ರೆ ವರ್ಷ ಪೂರ್ತಿ ಆಗ್ತಿರ್ಲಿಲ್ಲ, ಅವಳ ಡಿಗ್ರಿ ನಿಂತೋಗ್ತಿತ್ತು. ಬೀಗದ ಕೈ ನನ್ನ ಹತ್ರ ಇತ್ತು. ಜಾಗಕ್ಕೆ ಬೇರೆ ಯಾರೂ ಬರ್ಲಿಲ್ಲ. ಕಂಪ್ಯೂಟರ್ ನಂದೇ, ರೂಮಿಂದ ತಂದಿಟ್ಟೆ. ಕೆಲಸ ಸುಳ್ಳಲ್ಲ ಸರ್, ಬೇಕಾದ್ರೆ ಕೇಳಿ ನೋಡಿ."

"ಕೆಲಸ ಹೋದ ಮೇಲೂ ನೀವು ಯಾಕೆ ದಿನಾ ಬರ್ತಿದ್ರಿ?" ಎಂದು ಮುಖ್ಯಸ್ಥರು ಕೇಳಿದರು. ಅವರ ದನಿ ತಗ್ಗಿತ್ತು.

ಸರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಇವಳು ಬಸ್ಸಿಳಿದು ಬರ್ತಾಳೆ ಅಂತ ಎದ್ದು ಸ್ನಾನ ಮಾಡ್ತಿದ್ದೆ ಸರ್. ಇಲ್ಲದಿದ್ರೆ ನಂಗೆ ಏಳೋಕೆ ಕಾರಣ ಇರ್ಲಿಲ್ಲ."

ಮುಖ್ಯಸ್ಥರು ನನ್ನ ವರದಿಯ ಪುಟ ತಿರುಗಿಸಿದರು. ಆಮೇಲೆ ಕೆಲಸದ ಬಗ್ಗೆ ಏನೇನೋ ಕೇಳಿದರು, ನಾನು ಏನೇನೋ ಹೇಳಿದೆ. ಪಾಸು ಮಾಡಿದರು. ಅಂಕ ಕಡಿಮೆ ಬಂತು. ಕೆಲಸ ನನಗೂ ಸಿಕ್ಕಿರಲಿಲ್ಲ, ಅವರಿಗೂ ಇರಲಿಲ್ಲ.

ಹೊರಗೆ ಬಂದು ಕ್ಯಾಂಟೀನಿನಲ್ಲಿ ಕುಳಿತೆವು. ದೋಸೆ ಬಂತು. ಅದನ್ನು ಮುಟ್ಟದೆ ಅವರು ಮತ್ತೆ ಕನ್ನಡಕ ಒರೆಸತೊಡಗಿದರು. ಬೆಳಗಿನಿಂದ ಏನೂ ತಿಂದಿರಲಿಲ್ಲವೇನೋ. ನಾನು ಅವರ ತಟ್ಟೆಯನ್ನು ನನ್ನತ್ತ ಎಳೆದುಕೊಂಡು, ದೋಸೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಚಟ್ನಿ ಹಾಕಿ, ಮತ್ತೆ ಅವರ ಮುಂದಿಟ್ಟೆ. ಸರ್ ತಲೆ ಎತ್ತದೆ, ಒಂದು ತುಂಡೂ ಬಿಡದೆ ತಿಂದರು.