ಕಾಕಾನ ಕಾರಿಗೆ ಹೀಟರ್ ಪೈಪು

ನಮ್ಮ ಕಾಕಾನಿಗೆ ಹುಚ್ಚು ಹಿಡಿದಿರಲಿಲ್ಲ. ಅವರೇ ಹೋಗಿ ಅದನ್ನು ಹಿಡಿದುಕೊಂಡು ಬಂದಿದ್ದರು! ಬೇಕಾದರೆ ನೀವೇ ಹೇಳಿ. ಚೈತ್ರ ಬಂತೆಂದರೆ ಹಲ್ಲಿಯೂ ನೆರಳು ಹುಡುಕುವ ಕಾಸಾರಶಿರಸಿಯಲ್ಲಿ ಕೂತು, ಕಾರಿನೊಳಗೆ ಬಿಸಿಗಾಳಿ ಊದುವ ಯಂತ್ರಕ್ಕೆ ಪೈಪು ಬೇಕೆಂದು ಎರಡು ವರ್ಷ ಅಲೆದವರನ್ನು ಏನೆಂದು ಕರೆಯುತ್ತೀರಿ?

ಕಾರು ಬಂದ ಕತೆಯೇ ಒಂದು ತಮಾಷೆ. ನಿಜಾಮರ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ ನೀಲಂಗಾದಲ್ಲಿದ್ದ ಒಬ್ಬ ಹಳೆಯ ಸಾಹೇಬರು ಮನೆ ಖಾಲಿ ಮಾಡಿ ಹೈದರಾಬಾದಿಗೆ ಹೊರಟರು. ಅವರ ಹತ್ತಿರ ವಿಲಾಯತಿಯ ಒಂದು ಸಣ್ಣ ಕಾರಿತ್ತು, ಓಡುತ್ತಿರಲಿಲ್ಲ. ಸಾಮಾನು ರೈಲಿಗೆ ಸಾಗಿಸಲು ಬಂಡಿ ಬೇಕಿತ್ತು. ಕಾಕಾ ಮನೆಯ ದೇವಣಿ ತಳಿಯ ಒಂದು ಜೋಡಿ ಎತ್ತನ್ನು ಬಂಡಿ ಸಮೇತ ಅವರಿಗೆ ಕೊಟ್ಟುಬಿಟ್ಟು, ಕಾರನ್ನು ಬೇರೆಯವರ ಎತ್ತಿಗೆ ಕಟ್ಟಿ ಎಳೆಸಿಕೊಂಡು ಬಂದರು.

ಅಪ್ಪ ಅಂಗಳದಲ್ಲಿ ನಿಂತು ನೋಡಿದರು. "ಓಡೂ ಎತ್ತು ಕೊಟ್ಟು ಓಡಲಾರದ ಕಾರು ತಂದಿ. ಶಾಣ್ಯಾ ಇದ್ದೀ ಬಿಡಪ್ಪಾ!"

"ಅಣ್ಣಾ, ಎತ್ತಿಗಿ ವಯಸ್ಸಾಗ್ತದ. ಇದಕ್ಕ ಆಗಂಗಿಲ್ಲ," ಎಂದರು ಕಾಕಾ. ಆಗಲೇ ಕಾರಿನ ಒಂದು ಬಾಗಿಲು ಕಳಚಿ ಅವರ ಕೈಗೆ ಬಂದಿತ್ತು.

ಎತ್ತಿನ ಬದಲು ಬಂದದ್ದು ಎತ್ತೇ ಎಂಬುದು ಕಾಕಾನ ಸಿದ್ಧಾಂತ. ಅದಕ್ಕೆ ಬಸವಣ್ಣ ಎಂದೇ ಕರೆದರು. ದಿನಾ ಬೆಳಿಗ್ಗೆ ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ. ನಮ್ಮ ಮನೆತನದಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಹಾಗಾಗಿ ಸೋಮವಾರ ಕಾರಿಗೂ ರಜೆ! ಉಳಿದ ಆರು ದಿನ ಅದೆಲ್ಲಿ ಓಡುತ್ತಿತ್ತು ಎಂದು ಮಾತ್ರ ಯಾರೂ ಕೇಳಬಾರದು.

ಆ ಆರು ದಿನ ಕಾಕಾ ಕಾರ್ಬೊರೇಟರ್ ಬಿಚ್ಚುತ್ತಿದ್ದರು. ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಉಣಿಸುವ, ಮುಷ್ಟಿಗಾತ್ರದ ಒಂದು ಲೋಹದ ವಸ್ತು ಅದು. ಕಾಕಾ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅವ್ವನ ರೊಟ್ಟಿ ಬುಟ್ಟಿಯಲ್ಲಿ ಸಾಲಾಗಿ ಒಣಹಾಕುತ್ತಿದ್ದರು. ಅದರೊಳಗಿನ ಸೂಜಿಮೊನೆಯಷ್ಟು ರಂಧ್ರ ಕಟ್ಟಿಕೊಂಡರೆ ಬಾಯಿಂದ ಊದುವುದು. ಊದಿ ಊದಿ ಅವರ ಉಸಿರೆಲ್ಲ ಪೆಟ್ರೋಲಾಯಿತು. ಬೆಂಕಿ ಹತ್ತೀತೆಂಬ ಭಯಕ್ಕೆ ಇಪ್ಪತ್ತು ವರ್ಷದ ಬೀಡಿ ಬಿಟ್ಟರು. "ಮಠದ ಅಜ್ಜಾರ ಕೈಲಿ ಆಗಲಿಲ್ಲ, ಈ ಡಬ್ಬಿ ಬಿಡಿಸ್ತು ನೋಡು!" ಎಂದು ಅವ್ವ ಕಾರ್ಬೊರೇಟರಿಗೆ ಕೈ ಮುಗಿದಳು. ರೊಟ್ಟಿ ಬುಟ್ಟಿಯನ್ನು ಮಾತ್ರ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಇಷ್ಟಾದರೆ ಸಹಿಸಬಹುದಿತ್ತು. ಕಾರಿನ ಮುಂದಿನ ಸೀಟಿನ ಕಾಲ ಬಳಿ ಒಂದು ಪೆಟ್ಟಿಗೆ ಇತ್ತು. ಎಂಜಿನ್ನಿನ ಬಿಸಿನೀರು ಎರಡು ರಬ್ಬರ್ ಪೈಪಿನಲ್ಲಿ ಅದರೊಳಗೆ ಸುತ್ತಿ ಬಂದರೆ ಕಾಲಿಗೆ ಬಿಸಿಗಾಳಿ ಬರುತ್ತದಂತೆ. ಪೈಪುಗಳೇ ಇರಲಿಲ್ಲ. ಅದೇನೆಂದು ತಿಳಿದ ದಿನದಿಂದ ಕಾಕಾನಿಗೆ ಬೇರೆ ಧ್ಯಾನವಿಲ್ಲ. ಆ ಕಾಲದಲ್ಲಿ ನಮ್ಮೂರು ಯಾವ ರಾಜ್ಯದ ಪಾಲಾಗುತ್ತದೆಂದು ಕಟ್ಟೆಯ ಮೇಲೆ ಮಂದಿ ಗಂಟಲು ಹರಿದುಕೊಳ್ಳುತ್ತಿದ್ದರು. ಕಾಕಾ ಎರಡೂ ಕಡೆಯವರ ಮಾತು ಕೇಳಿ, ಕೊನೆಗೆ, "ಯಾವ ರಾಜ್ಯದಾಗ ರಬ್ಬರ್ ಪೈಪು ಸಿಗ್ತಾವೋ ಅಲ್ಲಿಗಿ ಹೋಗಾಮು," ಎನ್ನುತ್ತಿದ್ದರು.

ಪೈಪು ಸಿಗದಿದ್ದಾಗ ಅವರ ಕಣ್ಣು ಬಾವಿಯ ಮೇಲೆ ಬಿತ್ತು. ಎತ್ತು ಹೂಡಿ ನೀರೆತ್ತುವ ಚರ್ಮದ ಕಪಲಿಗೆ ಸೊಂಡಿಲಿನಂಥ ಕೊಳವೆ ಇರುತ್ತದಲ್ಲ, ಅದನ್ನೇ ಕೊಯ್ದು, ಹೊಲಿದು, ಎಂಜಿನ್ನಿಗೆ ಕಟ್ಟಿದರು! ಎಂಜಿನ್ನು ಬಿಸಿಯಾಯಿತು, ಚರ್ಮ ಬೇಯತೊಡಗಿತು. ಮೂರು ಹೊತ್ತು ಲಿಂಗಪೂಜೆಯ ಮನೆ, ಈರುಳ್ಳಿ ಹೆಚ್ಚಾದರೂ ಮುಖ ಸಿಂಡರಿಸುವ ಮಂದಿ. ಅಂಗಳದ ತುಂಬ ಚಕ್ಕಳ ಬೆಂದ ವಾಸನೆ! ಅಪ್ಪ ಪೂಜೆ ಅರ್ಧಕ್ಕೆ ಬಿಟ್ಟು ಹೊರಗೆ ಬಂದರು.

"ಏನ್ ಬೇಯಸ್ಲತ್ತೀಯೋ?"

"ಏನಿಲ್ಲಣ್ಣಾ. ಹೀಟರು."

ಅವ್ವ ಮೂರು ದಿನ ಅಂಗಳಕ್ಕೆ ಸೆಗಣಿ ಸಾರಿಸಿದಳು. ಒಂದು ತಿಂಗಳು ಹೊಲಕ್ಕೆ ನೀರಿಲ್ಲ.

ಆಮೇಲೆ ಕಾಕಾ ವಾರಕ್ಕೊಮ್ಮೆ ಉಮರ್ಗಾಕ್ಕೆ ಹೋಗಿ, ಹೈದರಾಬಾದ್ ಸಡಕಿನ ಚಹಾದಂಗಡಿಯಲ್ಲಿ ಕೂತು ಲಾರಿ ಡ್ರೈವರುಗಳನ್ನು ಕೇಳತೊಡಗಿದರು. ಒಬ್ಬ ಬಿದ್ದು ಬಿದ್ದು ನಕ್ಕನಂತೆ. "ಕ್ಯಾ ಪಟೇಲ್, ಸೂರಜ್ ಕಮ್ ಪಡ್ ಗಯಾ ಕ್ಯಾ?" ನಿಮಗೆ ಸೂರ್ಯನೂ ಸಾಲದಾದನೇ! ಮನೆಯಲ್ಲಿ ಇದನ್ನು ಹೇಳಿ ಕಾಕಾ ತಾವೂ ನಕ್ಕರು. ಮುಂದಿನ ವಾರ ಮತ್ತೆ ಹೋದರು.

ಆ ವರ್ಷ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಕೂಸು ಅಡ್ಡ ತಿರುಗಿದೆ, ಬೇನೆ ಶುರುವಾದೊಡನೆ ಉದಗೀರದ ದವಾಖಾನೆಗೆ ಒಯ್ಯಬೇಕು, ತಡವಾದರೆ ಇಬ್ಬರಿಗೂ ಕಷ್ಟ ಎಂದು ನೀಲಂಗಾದ ಡಾಕ್ಟರು ಹೇಳಿದ್ದರು. ಹೊಸ ಬಂಡಿಗೆ ಹುಲ್ಲು ಹಾಸಿ ಸಜ್ಜು ಮಾಡಿಸುತ್ತೇನೆಂದರು ಅಪ್ಪ.

"ಬಂಡಿ ಬ್ಯಾಡ," ಎಂದರು ಕಾಕಾ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ನಿಜಾಮರ ಕಾಲದಲ್ಲೇ ಕಾಕು, ಅಂದರೆ ಕಾಕಾನ ಹೆಂಡತಿ, ಹೆರಿಗೆ ಕಷ್ಟವಾಗಿ ಉದಗೀರದ ದಾರಿಯಲ್ಲಿ ಬಂಡಿಯೊಳಗೇ ತೀರಿಕೊಂಡಿದ್ದಳು. ಆಗ ಅವ್ವ ನನ್ನ ತಮ್ಮನ ಬಾಣಂತಿ, ಜೊತೆಗೆ ಹೋಗುವಂತಿರಲಿಲ್ಲ. ಬಂಡಿ ಹೊಡೆದವರು ಕಾಕಾ ಒಬ್ಬರೇ. ಅಲ್ಲಿ ಏನಾಯಿತೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಎಳ್ಳಮಾಸಿ ಹಬ್ಬ ಕಳೆದು ಚಳಿ ಜೋರಾಗಿತ್ತು. ಒಂದು ಭಾನುವಾರ, ಅದೇ ನಕ್ಕಿದ್ದ ಡ್ರೈವರ್ ಕಳಿಸಿಕೊಟ್ಟ ಎರಡು ಪೈಪು ಕಾಕಾನ ಕೈಗೆ ಬಂದವು. ಕಾರ್ಬೊರೇಟರ್ ಇನ್ನೂ ಬುಟ್ಟಿಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಅದನ್ನು ಬಿಟ್ಟು ಮೊದಲು ಪೈಪು ಕೂಡಿಸಲು ಕೂತರು! ಅವ್ವನ ಸಹನೆ ಮುಗಿಯಿತು.

"ಕಾರು ಓಡದಿದ್ರ ಬಿಸಿಗಾಳಿ ಯಾರಿಗಿ ಬೇಕ್ರೀ?"

"ಎರಡೂ ಬೇಕು ವೈನಿ. ಬರೇ ಓಡಿದ್ರ ಸಾಲಂಗಿಲ್ಲ," ಎಂದರು ಕಾಕಾ ಅತ್ತಿಗೆಗೆ.

ಸಂಜೆಯ ಹೊತ್ತಿಗೆ ಪೈಪು, ಕಾರ್ಬೊರೇಟರ್ ಎರಡೂ ಕೂತವು. "ನಾಳಿ ಸೋಮವಾರ. ಮಂಗಳವಾರ ಹೂಡಿ ನೋಡ್ತೀನಿ," ಎಂದು ಕೈ ತೊಳೆದರು.

ಆದರೆ ನನ್ನ ಕೂಸಿಗೆ ವಾರ ಗೊತ್ತಿರಬೇಕಲ್ಲ! ಇನ್ನೂ ಹದಿನೈದು ದಿನ ಇರುವಾಗಲೇ, ಸೋಮವಾರ ಬಿಸಿಲೇರುವ ಮೊದಲು ಬೇನೆ ಶುರುವಾಯಿತು. ಮನೆಯವರೆಲ್ಲ ಕಾಕಾನ ಮುಖ ನೋಡಿದರು. ಕಾಕಾ ತಲೆಯ ಪಟಕಾ ತೆಗೆದು ಬಾನೆಟ್ಟಿಗೆ ಹಣೆ ಹಚ್ಚಿದರು. "ಬಸವಣ್ಣಾ, ಇವತ್ತ್ ಹೂಡ್ಲತ್ತೀನಿ. ಈ ತಪ್ಪು ನನ್ನ ತಲಿ ಮ್ಯಾಲ ಇರ್ಲಿ."

ಹ್ಯಾಂಡಲ್ ಹಾಕಿ ತಿರುಗಿಸಿದರು. ಒಂದು ಸಲ, ಎರಡು ಸಲ, ಏನೂ ಇಲ್ಲ. ಮೂರನೆಯ ಸಲಕ್ಕೆ ಕೆಮ್ಮಿ, ಹೊಗೆ ಉಗುಳಿ, ಬಸವಣ್ಣ ಎದ್ದ!

ನನ್ನನ್ನು ಮುಂದೆ ಕೂಡಿಸಿದರು. ಹಿಂದೆ ಅವ್ವ, ಅಪ್ಪ. ನೀಲಂಗಾ ದಾಟಿದೆವು. ಕಾಕಾ ಹತ್ತು ನಿಮಿಷಕ್ಕೊಮ್ಮೆ ನನ್ನತ್ತ ತಿರುಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಕಾಲು ಬೆಚ್ಚಗವ ಏನವ್ವಾ?" ಬೇನೆಯಲ್ಲಿ ನನ್ನ ಜೀವ ಹೋಗುತ್ತಿದೆ, ಇವರಿಗೆ ಹೀಟರಿನ ಚಿಂತೆ! ಐದನೆಯ ಸಲ ನಾನು ಸಿಡಿದೆ. "ಕಾಕಾ, ನಿಮ್ಮ ಪೈಪಿನ ಪರೀಕ್ಷಾ ನನ್ನ ಮ್ಯಾಲೇ ಮಾಡ್ಬೇಕೇನ್ರೀ?"

ವಲಾಂಡಿಯ ಮನೆಗಳು ದೂರದಲ್ಲಿ ಕಂಡಾಗ, ಕಾಕಾ ರಸ್ತೆ ನೋಡುತ್ತಲೇ ಮೆಲ್ಲಗೆ ಹೇಳಿದರು.

"ನಿಮ್ಮ ಕಾಕುನ ತವರೂರು ಇದೇ. ಅಲ್ಲಿತನಕ ಮುಟ್ಟಲಿಲ್ಲ ಆಕಿ. ಇಂಥದೇ ಥಂಡಿ ಇತ್ತು. 'ಕಾಲು ತಣ್ಣಗಾಗ್ಲತಾವ್ರೀ' ಅಂದ್ಲು. ಕಂಬಳಿ ಹೊಚ್ಚಿದೆ. ಪಟಕಾ ಬಿಚ್ಚಿ ಸುತ್ತಿದೆ. ಬಂಡಿ ನಿಂದ್ರಿಸಿ ಕೈಲೆ ತಿಕ್ಕಿದೆ. ಕಾಲು ಬೆಚ್ಚಗಾಗಲಿಲ್ಲವ್ವಾ."

ಹಿಂದೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಎರಡು ವರ್ಷ ನಾವೆಲ್ಲ ಎಷ್ಟು ನಕ್ಕಿದ್ದೆವು! ನೆನೆಸಿಕೊಂಡರೆ ಇಂದಿಗೂ ನಾಚಿಕೆಯಾಗುತ್ತದೆ. ನಾನು ಸ್ಟಿಯರಿಂಗ್ ಹಿಡಿದ ಅವರ ಕೈ ಮುಟ್ಟಿದೆ.

"ಬೆಚ್ಚಗವರೀ ಕಾಕಾ. ಎರಡೂ ಕಾಲು ಛಲೋ ಬೆಚ್ಚಗವ."

ಹೊತ್ತಿಗೆ ಸರಿಯಾಗಿ ಉದಗೀರ ಮುಟ್ಟಿದೆವು. ಮಧ್ಯಾಹ್ನ ಮಗಳು ಹುಟ್ಟಿದಳು. ನರ್ಸಮ್ಮ ಅವಳನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ ಅಪ್ಪ ಅವ್ವ ಇಬ್ಬರೂ ಮೂಗು ಯಾರದು, ಹಣೆ ಯಾರದು ಎಂದು ಮುಖಕ್ಕೆ ಮುಗಿಬಿದ್ದರು. ಕಾಕಾ ಮುಖ ನೋಡಲೇ ಇಲ್ಲ. ಬಟ್ಟೆಯ ಕೆಳತುದಿ ಸರಿಸಿ, ಪೆಟ್ರೋಲು ನಾರುವ ತಮ್ಮ ಮುಷ್ಟಿಯೊಳಗೆ ಆ ಎರಡು ಪುಟ್ಟ ಪಾದಗಳನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು.

"ಬೆಚ್ಚಗವ ವೈನಿ," ಎಂದರು.